ಮಣ್ಣಿನೊಳಗಣ ಒಕ್ಕಲು

ತರೀಕೆರೆಯಿಂದ ಲಿಂಗದಹಳ್ಳಿಯ ಮಾರ್ಗವಾಗಿ ಬೆಟ್ಟವನ್ನೇರುತ್ತ ಹೋದರೆ ಕಲ್ಲತ್ತಿಗಿರಿಯ ಜಲಪಾತವನ್ನು ದಾಟಿ ಕೆಮ್ಮಣ್ಣುಗುಂಡಿಯನ್ನು ತಲಪಬಹುದು. ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿರುವ ಈ ಗಿರಿಧಾಮಕ್ಕೆ ಬಂದವರೆಲ್ಲರೂ ನೋಡುವುದು ಕೈಗೆಟಕುವಂತೆ ತೇಲುವ ಮುಗಿಲನ್ನು, ಹುಲ್ಲು ಹೊದ್ದ ಬೋಳುಗುಡ್ಡಗಳನ್ನು, ಆ ಗುಡ್ಡಗಳ ಮಡಿಲಲ್ಲಿ ಅಡಗಿರುವ ಶೋಲಾ ಕಾಡುಗಳನ್ನು. ಕಾಲಡಿಯನ್ನು ನೋಡುವವರು ವಿರಳ. ನೋಡಿದರೂ ಇಂಬಳದ ಭಯದಿಂದ ನೋಡುತ್ತಾರೆಯೇ ಹೊರತು ಮಣ್ಣಿನ ಮೇಲಣ ಕುತೂಹಲದಿಂದಲ್ಲ.

ಆದರೂ ಆ ಕಾಡಿನ ದೊಡ್ಡ ಕೆಲಸವೊಂದು ನಡೆಯುವುದು ಕಾಲಡಿಯಲ್ಲಿಯೇ. ಶೋಲಾ ಕಾಡಿನ ಮರಗಳು ವರ್ಷವಿಡೀ ಎಲೆ ಉದುರಿಸುತ್ತಿರುತ್ತವೆ. ಕೊಂಬೆ ಮುರಿದು ಬೀಳುತ್ತದೆ. ಹೂವು, ಹಣ್ಣು, ತೊಗಟೆ ಬೀಳುತ್ತವೆ. ಒಮ್ಮೊಮ್ಮೆ ಮರವೇ ಉರುಳುತ್ತದೆ. ಸಾವಿರಾರು ವರ್ಷಗಳಿಂದ ಹೀಗೆ ಬಿದ್ದುದೆಲ್ಲ ಹಾಗೆಯೇ ಉಳಿದಿದ್ದರೆ ಕಾಡು ತನ್ನ ಕಸದಲ್ಲಿಯೇ ಹೂತುಹೋಗಬೇಕಾಗಿತ್ತು. ಹಾಗಾಗಿಲ್ಲ. ಮೇಲಿನ ಒಣ ಎಲೆಗಳನ್ನು ಸರಿಸಿದರೆ ಕೆಳಗೆ ನಸುಗಪ್ಪು ಬಣ್ಣದ ಮೆತ್ತನೆಯ ಎಲೆಗಳು. ಅವುಗಳ ಕೆಳಗೆ ನರಗಳಷ್ಟೇ ಉಳಿದು ಬಲೆಯಂತಾದ ಎಲೆಗಳು. ಇನ್ನೂ ಕೆಳಗೆ, ಎಲೆ ಯಾವುದು ಮಣ್ಣು ಯಾವುದು ಎಂದು ಬೇರ್ಪಡಿಸಿ ಹೇಳಲಾಗದ ಕಪ್ಪು ಹುಡಿ. ಈ ಪದರಗಳನ್ನೆಲ್ಲ ಒಟ್ಟಿಗೆ ಹೊಲಿದಂತೆ ಅಲ್ಲಲ್ಲಿ ಬಿಳಿಯ ಎಳೆಗಳು ಹಾದುಹೋಗಿರುತ್ತವೆ. ಅವೇ ಶಿಲೀಂಧ್ರಗಳು.

ಶಿಲೀಂಧ್ರವೆಂದೊಡನೆ ನೆನಪಿಗೆ ಬರುವುದು ಅಣಬೆ. ಆದರೆ ಮಾವಿನ ಹಣ್ಣು ಮಾವಿನ ಮರವಲ್ಲ. ಹಾಗೆಯೇ ಅಣಬೆಯೂ ಶಿಲೀಂಧ್ರದ ಪೂರ್ಣ ದೇಹವಲ್ಲ, ಅದು ಅದರ ಫಲ ಮಾತ್ರ. ಎಷ್ಟೋ ಶಿಲೀಂಧ್ರಗಳು ಅಣಬೆಯನ್ನು ಬಿಡುವುದೇ ಇಲ್ಲ. ನಿಜವಾದ ದೇಹವೆಂದರೆ ನೆಲದೊಳಗೆ ಹರಡಿಕೊಂಡ ತಂತುಗಳ ಜಾಲ. ಒಂದೊಂದು ತಂತುವೂ ತಲೆಗೂದಲಿನ ಹತ್ತರಲ್ಲೊಂದು ಭಾಗದಷ್ಟು ಸಪೂರ. ಒಂದೇ ಒಂದು ಗ್ರಾಂ ಕಾಡುಮಣ್ಣಿನಲ್ಲಿರುವ ತಂತುಗಳನ್ನು ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಹತ್ತಾರು ಮೀಟರುಗಳಿಂದ ನೂರಾರು ಮೀಟರುಗಳವರೆಗೆ ಹೋಗುತ್ತವೆ. ಇವು ಹಸಿರು ಸಸ್ಯಗಳಂತೆ ಬಿಸಿಲಿನಿಂದ ಅನ್ನ ಬೇಯಿಸಿಕೊಳ್ಳಲಾರವು. ಪ್ರಾಣಿಗಳಂತೆ ನುಂಗಿ ಜೀರ್ಣಿಸಿಕೊಳ್ಳಲಾರವು. ತಮ್ಮ ಮೈಯಿಂದ ಜೀರ್ಣರಸಗಳನ್ನು ಹೊರಕ್ಕೆ ಸುರಿಸಿ, ಆಹಾರವನ್ನು ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತವೆ. ಆದುದರಿಂದಲೇ ವಿಟ್ಟೇಕರ್ ಎಂಬ ವಿಜ್ಞಾನಿ 1969ರಲ್ಲಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕವಾದ ಒಂದು ಸಾಮ್ರಾಜ್ಯವನ್ನೇ ಕೊಟ್ಟನು. ಇದುವರೆಗೆ ಹೆಸರಿಟ್ಟಿರುವ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ ಜಾತಿಗಳು. ಇರಬಹುದಾದವು 22 ಲಕ್ಷದಿಂದ 38 ಲಕ್ಷವೆಂದು 2017ರಲ್ಲಿ ತಜ್ಞರು ಅಂದಾಜು ಮಾಡಿದರು. ಎಂದರೆ ಹೆಸರು ಪಡೆದುದಕ್ಕಿಂತ ಹೆಸರಿಲ್ಲದೆ ಬಾಳುತ್ತಿರುವುದೇ ಬಹುಪಾಲು.

ಈ ಒಕ್ಕಲಿನ ಜೀವನೋಪಾಯ ಮುಖ್ಯವಾಗಿ ಮೂರು ಬಗೆಯದು. ಸತ್ತ ಎಲೆ ಕಟ್ಟಿಗೆಗಳನ್ನು ಕೊಳೆಸಿ ಬದುಕುವವು ಕೆಲವು. ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ಣವಾಗಿ ಒಡೆಯುವ ಸಾಮರ್ಥ್ಯ ಜೀವಲೋಕದಲ್ಲಿ ಇವುಗಳಿಗಿರುವಷ್ಟು ಇನ್ನಾರಿಗೂ ಇಲ್ಲ. ಬದುಕಿರುವ ಗಿಡಮರಗಳನ್ನು ಹಿಡಿದು ರೋಗ ತರುವವು ಇನ್ನು ಕೆಲವು. ಮೂರನೆಯವು ಬೇರಿನೊಡನೆ ಕೊಡುಕೊಳ್ಳುವ ಸಂಬಂಧ ಬೆಳೆಸಿ ಬಾಳುವವು. ಪ್ರಷ್ಯದ ಸರ್ಕಾರ ನೆಲದೊಳಗೆ ಬೆಳೆಯುವ ಟ್ರಫಲ್ ಎಂಬ ಬೆಲೆಬಾಳುವ ಅಣಬೆಯನ್ನು ಕೃಷಿಮಾಡಿ ಬೆಳೆಸಬಹುದೇ ಎಂದು ಶೋಧಿಸಲು ಫ್ರಾಂಕ್ ಎಂಬ ಸಸ್ಯವಿಜ್ಞಾನಿಯನ್ನು ನೇಮಿಸಿತ್ತು. ಆತ ಟ್ರಫಲ್ ಬೆಳೆಸಲಿಲ್ಲ. ಬದಲಾಗಿ, ಮರಗಳ ಎಳೆಬೇರುಗಳಿಗೆ ಶಿಲೀಂಧ್ರವು ಕುಪ್ಪಸದಂತೆ ಸುತ್ತಿಕೊಂಡಿರುವುದನ್ನೂ ಅದರಿಂದ ಮರಕ್ಕೆ ಕೇಡಾಗದೆ ಒಳಿತೇ ಆಗುತ್ತಿರುವುದನ್ನೂ ಕಂಡು, 1885ರಲ್ಲಿ ಈ ಜೋಡಿಗೆ ‘ಮೈಕೊರೈಜ’ ಎಂದು ಹೆಸರಿಟ್ಟನು. ಕನ್ನಡದಲ್ಲಿ ಅದನ್ನು ಬೇರುಶಿಲೀಂಧ್ರ ಎನ್ನಬಹುದು. ಬೇರು ತಲಪಲಾರದ ಸಂದುಗಳಿಂದ ಶಿಲೀಂಧ್ರವು ನೀರನ್ನೂ ಲವಣಗಳನ್ನೂ ತಂದುಕೊಡುತ್ತದೆ. ಮರ ಅದಕ್ಕೆ ಪ್ರತಿಯಾಗಿ ಸಕ್ಕರೆಯನ್ನು ಕೊಡುತ್ತದೆ. ನೆಲದ ಮೇಲಿನ ಗಿಡಮರಗಳಲ್ಲಿ ಬಹುಪಾಲು ಇಂತಹ ಒಡಂಬಡಿಕೆಯಲ್ಲಿಯೇ ಬದುಕುತ್ತಿವೆ.

ಹಾಗಾದರೆ ಒಂದು ಹಿಡಿ ಮಣ್ಣಿನಲ್ಲಿ ಯಾವ ಶಿಲೀಂಧ್ರವಿರಬೇಕು, ಯಾವುದು ಇರಬಾರದು ಎಂಬುದನ್ನು ನಿರ್ಧರಿಸುವವರು ಯಾರು? ಈ ಪ್ರಶ್ನೆಯನ್ನು ಕೇಳಲು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗಿಂತ ಅನುಕೂಲವಾದ ಸ್ಥಳ ಸುಲಭವಾಗಿ ದೊರೆಯದು. ಬಾಬಾಬುಡನ್ ಗಿರಿಶ್ರೇಣಿ ಕುದುರೆಯ ಲಾಳದ ಆಕಾರದಲ್ಲಿ ಬಾಗಿ ನಿಂತಿದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಆಗುಂಬೆ, ಕುದುರೆಮುಖಗಳ ನಿಜವಾದ ಮಳೆಕಾಡುಗಳಲ್ಲಿ ಮೊದಲು ಸುರಿದು, ಉಳಿದುದನ್ನು ಈ ಬೆಟ್ಟಗಳ ಮೇಲೆ ಇಳಿಸಿ, ಮುಂದಕ್ಕೆ ಬಹುಮಟ್ಟಿಗೆ ಬರಿಗೈಯಲ್ಲಿ ಹೋಗುತ್ತವೆ. ಬೆಟ್ಟದ ನೆತ್ತಿಯಲ್ಲಿ ನಿತ್ಯಹರಿದ್ವರ್ಣದ ಶೋಲಾ. ಅದರ ಪಶ್ಚಿಮಕ್ಕೆ ಲಕ್ಕವಳ್ಳಿಯ ಕಡೆ ತೇಗ, ಮತ್ತಿ, ಹೊನ್ನೆ, ಬೀಟೆ, ಬಿದಿರುಗಳಿಂದ ಕೂಡಿದ, ಬೇಸಗೆಯಲ್ಲಿ ಎಲೆಯುದುರಿಸುವ ಭದ್ರಾ ಅರಣ್ಯ. ತರೀಕೆರೆಯ ಸುತ್ತ ತೋಟ ಗದ್ದೆಗಳು. ಮುಂದೆ ಅಜ್ಜಂಪುರದ ಎರೆಭೂಮಿ ಮತ್ತು ಹುಲ್ಲಿನ ಕಾವಲುಗಳು. ಕೊನೆಗೆ ಮಳೆನೆರಳಿನಲ್ಲಿ ಕುಳಿತ ಕಡೂರು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಬೀಳುವ ಮಳೆ ಅದರ ಹತ್ತು ಪಟ್ಟಿಗೂ ಹೆಚ್ಚು. ಬೆಟ್ಟದ ನೆತ್ತಿಯಿಂದ ಕಡೂರಿನ ಹೊಲಕ್ಕೆ ನೂರು ಕಿಲೋಮೀಟರಿನ ಹಾದಿಯೂ ಇಲ್ಲ. ಬೆಳಿಗ್ಗೆ ಶೋಲಾದಲ್ಲಿ ನಡುಗಿದವನು ಮಧ್ಯಾಹ್ನ ಕಡೂರಿನಲ್ಲಿ ಬೆವರಬಹುದು.

ಮೊದಲನೆಯ ತೀರ್ಪುಗಾರ ಮಳೆಯೇ ಎಂಬುದರಲ್ಲಿ ಸಂದೇಹವಿಲ್ಲ. ಜಗತ್ತಿನ ಬೇರೆಬೇರೆ ಭಾಗಗಳ 365 ಸ್ಥಳಗಳಿಂದ ಮಣ್ಣನ್ನು ತಂದು, ಅದರಲ್ಲಿದ್ದ ಶಿಲೀಂಧ್ರಗಳ ಡಿ.ಎನ್.ಎ. ಓದಿ, ಹಲವು ದೇಶಗಳ ವಿಜ್ಞಾನಿಗಳು ಕೂಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಒಟ್ಟಾರೆಯಾಗಿ ನೋಡಿದರೆ ಶಿಲೀಂಧ್ರಗಳ ವೈವಿಧ್ಯವನ್ನು ನಿರ್ಧರಿಸುವಲ್ಲಿ ಹವಾಮಾನಕ್ಕೆ, ಅದರಲ್ಲಿಯೂ ಮಳೆಯ ಪ್ರಮಾಣಕ್ಕೆ, ಅಗ್ರಸ್ಥಾನ. ಆದರೆ ಮಳೆ ಹೆಚ್ಚಾದಷ್ಟೂ ಶಿಲೀಂಧ್ರಕ್ಕೆ ಸುಖವೆಂದು ಭಾವಿಸಬಾರದು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲ. ಗಾಳಿಯಿಲ್ಲದ ಕಡೆ ಬಹುಪಾಲು ಶಿಲೀಂಧ್ರಗಳಿಗೆ ಉಸಿರಿಲ್ಲ. ಒಣನೆಲದಲ್ಲಿ ಅವುಗಳಿಗೆ ಒಂದು ಅನುಕೂಲವೂ ಉಂಟು. ಬ್ಯಾಕ್ಟೀರಿಯಗಳು ಚಲಿಸಲು ನೀರಿನ ತೆಳುಪದರ ಬೇಕು. ತಂತುವಾದರೋ ಒಣಗಿದ ಸಂದನ್ನು ಸೇತುವೆಯಂತೆ ದಾಟಿ ಆಚೆಯ ಹನಿಯನ್ನು ಮುಟ್ಟಬಲ್ಲದು. ಆದುದರಿಂದ ಕಡೂರಿನ ಹೊಲ ಶಿಲೀಂಧ್ರವಿಲ್ಲದ ನೆಲವಲ್ಲ. ಅದು ಬೇರೆ ಶಿಲೀಂಧ್ರಗಳ ನೆಲ.

ಮಳೆಯು ನೇರವಾಗಿ ಮಾಡುವುದಕ್ಕಿಂತ ಮಣ್ಣಿನ ಮೂಲಕ ಮಾಡುವ ಕೆಲಸ ಇನ್ನೂ ಸ್ವಾರಸ್ಯವಾದುದು. ಕೆಮ್ಮಣ್ಣುಗುಂಡಿಯ ಹೆಸರನ್ನೇ ನೋಡಬಹುದು: ಕೆಂಪು ಮಣ್ಣಿನ ಗುಂಡಿ. ಆ ಕೆಂಪು ಕಬ್ಬಿಣದ ಕೆಂಪು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಬಹುಕಾಲ ಅದಿರು ಹೋಗುತ್ತಿದ್ದುದು ಈ ಬೆಟ್ಟದಿಂದಲೇ. ಸಾವಿರಾರು ವರ್ಷಗಳ ಮಳೆಯು ಸುಣ್ಣ, ಪೊಟ್ಯಾಷ್ ಮುಂತಾದ ಕರಗುವ ಸಾರವನ್ನೆಲ್ಲ ಮಣ್ಣಿನಿಂದ ತೊಳೆದು ಹೊಳೆಗೆ ಸಾಗಿಸಿತು. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಂದುಳಿದವು. ಹೀಗೆ ತೊಳೆದ ಮಣ್ಣು ಆಮ್ಲೀಯವಾಗುತ್ತದೆ. ಆಮ್ಲಗುಣವನ್ನು ಬ್ಯಾಕ್ಟೀರಿಯಗಳಿಗಿಂತ ಶಿಲೀಂಧ್ರಗಳು ಚೆನ್ನಾಗಿ ತಾಳಬಲ್ಲವಾದ್ದರಿಂದ ಇಂತಹ ನೆಲದಲ್ಲಿ ಕೊಳೆಸುವ ಕೆಲಸದ ಬಹುಭಾಗ ಅವುಗಳ ಪಾಲಿಗೆ ಬರುತ್ತದೆ.

ಇಷ್ಟೇ ಆಗಿದ್ದರೆ ಕಥೆ ಸರಳವಾಗಿರುತ್ತಿತ್ತು. ಕೆಂಪು ಮಣ್ಣಿನಲ್ಲಿ ಇನ್ನೊಂದು ತೊಡಕುಂಟು. ಗಿಡದ ಬಾಳಿಗೆ ಅತ್ಯವಶ್ಯಕವಾದ ರಂಜಕವನ್ನು ಈ ಕಬ್ಬಿಣ ಮತ್ತು ಅಲ್ಯೂಮಿನಿಯಂ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ರಂಜಕ ಮಣ್ಣಿನಲ್ಲಿದೆ, ಆದರೆ ಬೇರಿಗೆ ದಕ್ಕದು. ಜಿಪುಣನ ಮನೆಯ ಕಣಜದಂತೆ. ಬೇರಿನ ಸುತ್ತಲ ಒಂದೆರಡು ಮಿಲಿಮೀಟರಿನೊಳಗೆ ಸಿಗುವಷ್ಟನ್ನು ಹೀರಿಕೊಂಡ ಮೇಲೆ ಮರ ಹಸಿದೇ ನಿಲ್ಲಬೇಕು. ಆಗ ನೆರವಿಗೆ ಬರುವವು ಬೇರುಶಿಲೀಂಧ್ರಗಳು. ಅವುಗಳ ತಂತುಗಳು ಹಲವು ಸೆಂಟಿಮೀಟರುಗಳಾಚೆಗೆ ಚಾಚಿ, ಚಿಟಿಕೆ ಚಿಟಿಕೆಯಾಗಿ ರಂಜಕವನ್ನು ಕೂಡಿಸಿ ತರುತ್ತವೆ. ಇಷ್ಟು ಬಡ ಮಣ್ಣಿನ ಮೇಲೆ ಇಷ್ಟು ಸಮೃದ್ಧವಾದ ಕಾಡು ಹೇಗೆ ನಿಂತಿತು ಎಂಬ ಒಗಟಿಗೆ ಒಂದು ಪಾಲು ಉತ್ತರ ಇಲ್ಲಿದೆ. ಬಿದ್ದ ಎಲೆಯಲ್ಲಿದ್ದ ಸಾರವನ್ನು ಮಳೆ ತೊಳೆದುಕೊಂಡು ಹೋಗುವ ಮುನ್ನವೇ ಶಿಲೀಂಧ್ರಗಳು ಹಿಡಿದು ಮತ್ತೆ ಮರಕ್ಕೆ ಮುಟ್ಟಿಸುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರೂ ಅವರ ಸಂಗಡಿಗರೂ ಬೇರುಶಿಲೀಂಧ್ರಗಳನ್ನು ಬೆಳೆಗಳಿಗೆ ಬಳಸುವ ವಿಧಾನಗಳ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದುದಕ್ಕೆ ಇದೇ ಮೂಲ ಪ್ರೇರಣೆ. ಅಜ್ಜಂಪುರದ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅಲ್ಲಿ ರಂಜಕವನ್ನು ಹಿಡಿದಿಡುವುದು ಕಬ್ಬಿಣವಲ್ಲ, ಸುಣ್ಣ. ಬೀಗ ಬೇರೆ, ಆದುದರಿಂದ ಅದನ್ನು ತೆರೆಯುವ ಶಿಲೀಂಧ್ರಗಳೂ ಬೇರೆ.

ಮಣ್ಣಿನಷ್ಟೇ ಮುಖ್ಯವಾದುದು ಅದರ ಮೇಲೆ ನಿಂತ ಮರ. ಅಮೆಜಾನಿನ ಪಶ್ಚಿಮ ಭಾಗದ ಮಳೆಕಾಡುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಮರಗಳ ಸಮುದಾಯ ಬದಲಾದಂತೆ ಅವುಗಳ ಕೆಳಗಿನ ಶಿಲೀಂಧ್ರಗಳ ಸಮುದಾಯವೂ ಹೆಜ್ಜೆಗೆ ಹೆಜ್ಜೆ ಬದಲಾಗುವುದು ಕಂಡುಬಂತು. ನಮ್ಮ ಕಡೆಯಲ್ಲಿಯೂ ಇದಕ್ಕೆ ನಿದರ್ಶನವಿದೆ. ಭದ್ರಾ ಅರಣ್ಯದ ತೇಗ, ಹೊನ್ನೆ, ಬೀಟೆಗಳೊಡನೆ ಬಾಳುವ ಬೇರುಶಿಲೀಂಧ್ರಗಳು ಬೇರಿನ ಕೋಶದ ಒಳಗೇ ಪೊದೆಯಂತೆ ಕವಲೊಡೆಯುತ್ತವೆ; ಅವು ಅಣಬೆ ಬಿಡುವುದಿಲ್ಲ. ಘಟ್ಟದ ಮಳೆಕಾಡಿನ ಸಾಲುಧೂಪ, ಕಿರಾಲುಬೋಗಿ ಮುಂತಾದ ಮರಗಳ ಬೇರಿಗೆ ಫ್ರಾಂಕ್ ಕಂಡಂತಹ, ಹೊರಗಿನಿಂದ ಕುಪ್ಪಸ ತೊಡಿಸುವ ಶಿಲೀಂಧ್ರಗಳು ಬೇಕು. ಕೊಡಗಿನ ಉಪ್ಪಂಗಳದ ಕಾಡಿನಲ್ಲಿ ಸಂಶೋಧಕರು ಇಂತಹ ಮರಗಳ ಬುಡದಲ್ಲಿ ಏಳುವ ಅಣಬೆಗಳನ್ನು ಹಲವಾರು ಜಾತಿಗಳಾಗಿ ಗುರುತಿಸಿದ್ದಾರೆ. ಮರವಿಲ್ಲದೆ ಆ ಅಣಬೆಗಳಿಲ್ಲ. ಅಣಬೆಗಳಿಲ್ಲದೆ ಆ ಮರ ಸೊರಗುತ್ತದೆ. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಮರಗಳನ್ನು ಬೆಳೆಸಲು ಮತ್ತೆ ಮತ್ತೆ ನಡೆದ ಪ್ರಯತ್ನಗಳು ವಿಫಲವಾದವು. ಸಸಿಗಳು ಹಳದಿಯಾಗಿ, ಕುಳ್ಳಾಗಿ, ಸಾಯುತ್ತಿದ್ದವು. ಪೈನ್ ಕಾಡಿನ ಮಣ್ಣನ್ನು ಹೊರಗಿನಿಂದ ತಂದು ಬುಡಕ್ಕೆ ಹಾಕಿದ ಮೇಲೆ ಅದೇ ಸಸಿಗಳು ಚಿಗುರಿ ನಿಂತವು. ಆ ಮಣ್ಣಿನಲ್ಲಿ ಬಂದುದು ಗೊಬ್ಬರವಲ್ಲ, ಜೊತೆಗಾರ ಶಿಲೀಂಧ್ರ.

ರೋಗ ತರುವ ಶಿಲೀಂಧ್ರಗಳನ್ನು ಕೇವಲ ಶತ್ರುಗಳೆಂದು ತಿಳಿಯುವುದು ವಾಡಿಕೆ. ಕಾಡಿನ ದೃಷ್ಟಿಯಿಂದ ಇದು ಪೂರ್ಣ ಸತ್ಯವಲ್ಲ. ಒಂದು ಮರದ ಬುಡದಲ್ಲಿ ಆ ಜಾತಿಯ ಬೇರಿಗೆ ತಗಲುವ ರೋಗಾಣುಗಳು ವರ್ಷವರ್ಷವೂ ಕೂಡಿಕೊಳ್ಳುತ್ತವೆ. ತಾಯಿಮರದ ನೆರಳಿನಲ್ಲಿ ಬಿದ್ದ ಬೀಜ ಮೊಳೆತರೂ ಬಹುಮಟ್ಟಿಗೆ ಸಾಯುತ್ತದೆ. ದೂರಕ್ಕೆ ಹೋದ ಬೀಜ ಉಳಿಯುತ್ತದೆ. ಖಾಲಿಯಾದ ಜಾಗದಲ್ಲಿ ಬೇರೆ ಜಾತಿಯ ಸಸಿ ಏಳುತ್ತದೆ. 1970 ಮತ್ತು 1971ರಲ್ಲಿ ಜ್ಯಾನ್ಸನ್, ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಈ ವಿಚಾರವನ್ನು ಮಂಡಿಸಿದರು. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ಕೆಲವು ತುಂಡು ನೆಲಗಳಿಗೆ ಶಿಲೀಂಧ್ರನಾಶಕ ಸಿಂಪಡಿಸಿ ಇದನ್ನು ಪರೀಕ್ಷಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶವೆಂದರೆ, ಔಷಧಿ ಬಿದ್ದ ಕಡೆ ಏಳುವ ಸಸಿಗಳ ಜಾತಿವೈವಿಧ್ಯ ಕುಗ್ಗಿತು. ಮಳೆಕಾಡಿನಲ್ಲಿ ಒಂದೇ ಮರ ಎಲ್ಲವನ್ನೂ ಆಕ್ರಮಿಸದಂತೆ ಕಾಯುವ ಕಾವಲುಗಾರರಲ್ಲಿ ಈ ರೋಗಕಾರಿಗಳೂ ಸೇರಿವೆ.

ಇನ್ನು ಪ್ರಾಣಿಗಳ ಮಾತು. ಮೊದಲ ಮಳೆಯ ಗುಡುಗಿಗೆ ನೆಲ ಬಿರಿದು ಅಣಬೆ ಏಳುತ್ತದೆಂದು ಹಳ್ಳಿಗಳಲ್ಲಿ ಹೇಳುತ್ತಾರೆ. ಗುಡುಗಿನ ಪಾತ್ರವೇನೇ ಇರಲಿ, ಹುತ್ತದ ಬಳಿ ಏಳುವ ಅಣಬೆಯ ನಿಜವಾದ ವೃತ್ತಾಂತ ಅದಕ್ಕಿಂತ ಬೆರಗಿನದು. ಕೆಲವು ಜಾತಿಯ ಗೆದ್ದಲುಗಳು ತಾವು ತಂದ ಕಟ್ಟಿಗೆ ಎಲೆಗಳನ್ನು ನೇರವಾಗಿ ಜೀರ್ಣಿಸಿಕೊಳ್ಳಲಾರವು. ಅವು ಹುತ್ತದೊಳಗೆ, ತಮ್ಮ ಹಿಕ್ಕೆಯಿಂದ, ಮಿದುಳಿನ ಮಡಿಕೆಗಳಂತೆ ಕಾಣುವ ಗೂಡುಗಳನ್ನು ಕಟ್ಟಿ ಅವುಗಳ ಮೇಲೆ ಒಂದು ಶಿಲೀಂಧ್ರವನ್ನು ಬೆಳೆಸುತ್ತವೆ. ಶಿಲೀಂಧ್ರವು ಕಟ್ಟಿಗೆಯನ್ನು ಮೃದುವಾಗಿಸುತ್ತದೆ. ಗೆದ್ದಲು ಅದನ್ನೂ ಶಿಲೀಂಧ್ರದ ತುಣುಕನ್ನೂ ತಿನ್ನುತ್ತದೆ. ಗೂಡಿನಲ್ಲಿ ಬೇರೆ ಶಿಲೀಂಧ್ರವೇನಾದರೂ ತಲೆಯೆತ್ತಿದರೆ ಕೆಲಸಗಾರ ಗೆದ್ದಲುಗಳು ಕಳೆ ಕೀಳುವಂತೆ ಅದನ್ನು ತೆಗೆದುಹಾಕುತ್ತವೆ. ಈ ಬೇಸಾಯ ಕೋಟ್ಯಂತರ ವರ್ಷಗಳಷ್ಟು ಹಳೆಯದು. ಮನುಷ್ಯನ ಬೇಸಾಯಕ್ಕೆ ಹತ್ತು ಹನ್ನೆರಡು ಸಾವಿರ ವರ್ಷವೂ ಹೆಚ್ಚಾಯಿತು. ಮಳೆ ಬಿದ್ದು ನೆಲ ನೆನೆದಾಗ ಈ ಶಿಲೀಂಧ್ರವು ಉದ್ದನೆಯ ಬೇರಿನಂತಹ ಕಾಂಡವನ್ನು ಮೇಲಕ್ಕೆ ನೂಕಿ ಅಣಬೆಯಾಗಿ ಅರಳುತ್ತದೆ. ಜನರು ಹುಡುಕಿ ತಂದು ಸಾರು ಮಾಡಿ ಉಣ್ಣುವ ಹುತ್ತದಣಬೆ ಅದೇ. ಗೆದ್ದಲಿಲ್ಲದ ಕಡೆ ಅದು ಹುಟ್ಟದು. ಕಡೂರಿನಂತಹ ಒಣ ಸೀಮೆಯಲ್ಲಿಯೂ ಈ ಶಿಲೀಂಧ್ರ ಬದುಕುವುದು ಹುತ್ತದೊಳಗಿನ ತೇವದ ಆಸರೆಯಿಂದ. ಇಲ್ಲಿ ಹವಾಮಾನವನ್ನು ನಿರ್ಧರಿಸುವುದು ಮುಂಗಾರಲ್ಲ, ಗೆದ್ದಲು.

ಅಜ್ಜಂಪುರದ ಕಾವಲುಗಳಲ್ಲಿ ಮೇಯುವ ಅಮೃತಮಹಲ್ ದನಗಳೂ ತಮ್ಮದೇ ಒಂದು ಶಿಲೀಂಧ್ರ ಪರಿವಾರವನ್ನು ಸಾಕುತ್ತಿವೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದವು. ಅವುಗಳ ತಳಿ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿದೆ. ಪೈಲೊಬೋಲಸ್ ಎಂಬ ಶಿಲೀಂಧ್ರ ಹಸಿ ಸಗಣಿಯ ಮೇಲೆ ಗಾಜಿನ ಮಣಿಯಂತೆ ಮೂಡುತ್ತದೆ. ಅದರ ಬೀಜಕಗಳು ಮತ್ತೆ ದನದ ಹೊಟ್ಟೆಯನ್ನು ಸೇರಬೇಕು. ಆದರೆ ಸಗಣಿಯ ಪಕ್ಕದ ಹುಲ್ಲನ್ನು ದನ ಮೂಸಿ ಬಿಟ್ಟುಬಿಡುತ್ತದೆ. ಆದುದರಿಂದ ಈ ಸೂಕ್ಷ್ಮಜೀವಿ ಬೆಳಗಿನ ಬೆಳಕಿನ ಕಡೆಗೆ ಬಾಗಿ, ಒಳಗಿನ ನೀರಿನ ಒತ್ತಡದಿಂದ ತನ್ನ ಬೀಜಕಗಳ ಪೊಟ್ಟಣವನ್ನು ಎರಡು ಮೀಟರ್ ದೂರದ ಹುಲ್ಲಿನ ಮೇಲಕ್ಕೆ ಸಿಡಿಸುತ್ತದೆ. ಅದರ ಎತ್ತರವಾದರೋ ಒಂದು ಸೆಂಟಿಮೀಟರಿನೊಳಗೆ.

ಎರಡು ಮೀಟರ್ ಹಾರಿದ ಬೀಜಕದಿಂದ ಒಂದು ದೊಡ್ಡ ವಾದದ ಕಡೆಗೆ ಬರಬೇಕಾಗುತ್ತದೆ. ಸೂಕ್ಷ್ಮಜೀವಿಗಳು ಗಾಳಿಯಲ್ಲಿ ತೇಲಿ ಜಗತ್ತಿನ ಎಲ್ಲೆಡೆಯನ್ನೂ ತಲಪುತ್ತವೆ, ಯಾವುದು ಬದುಕಬೇಕೆಂಬುದನ್ನು ಆಯಾ ಸ್ಥಳದ ಪರಿಸರವೇ ಆರಿಸುತ್ತದೆ ಎಂದು 1934ರಲ್ಲಿ ಬಾಸ್ ಬೆಕಿಂಗ್ ಎಂಬ ಡಚ್ ವಿಜ್ಞಾನಿ ಪ್ರತಿಪಾದಿಸಿದನು. ಈ ಅಭಿಪ್ರಾಯ ಬಹುಕಾಲ ಮನ್ನಣೆ ಪಡೆದಿತ್ತು. ಇದು ನಿಜವಾಗಿದ್ದರೆ ಚಿಂತೆಯೇ ಇರಲಿಲ್ಲ: ಕಾಡು ಕಡಿದರೂ ಮರ ನೆಟ್ಟು ಕಾದರೆ ಸಾಕು, ಹಳೆಯ ಶಿಲೀಂಧ್ರಗಳೆಲ್ಲ ಗಾಳಿಯಲ್ಲಿ ಮರಳಿ ಬರುತ್ತವೆ ಎಂದು ನೆಮ್ಮದಿಯಾಗಿರಬಹುದಾಗಿತ್ತು. ಡಿ.ಎನ್.ಎ. ಓದುವ ವಿದ್ಯೆ ಬಂದ ಮೇಲೆ ಈ ನೆಮ್ಮದಿ ಉಳಿಯಲಿಲ್ಲ. ಒಂದೇ ಬಗೆಯ ಹವೆಯುಳ್ಳ ಎರಡು ಖಂಡಗಳ ಕಾಡುಗಳಲ್ಲಿಯೂ ಶಿಲೀಂಧ್ರ ಜಾತಿಗಳು ಬಹುಮಟ್ಟಿಗೆ ಬೇರೆ ಬೇರೆ. ಅಣಬೆಯ ಬೀಜಕಗಳಲ್ಲಿ ಹೆಚ್ಚಿನವು ಹುಟ್ಟಿದ ಜಾಗದ ಸಮೀಪದಲ್ಲಿಯೇ ಬೀಳುತ್ತವೆ. ಬೇರಿನೊಳಗೆ ಬಾಳುವ ಶಿಲೀಂಧ್ರಗಳ ಬೀಜಕಗಳು ದಪ್ಪ, ಭಾರ. ನೆಲದೊಳಗೇ ಹುಟ್ಟುವುದರಿಂದ ಗಾಳಿಯ ಸವಾರಿ ಅವುಗಳಿಗೆ ಸುಲಭವಲ್ಲ. ಮಣ್ಣು ಕೊಚ್ಚಿಹೋದರೆ ಅದರೊಡನೆ, ಹಂದಿ ಇಲಿಗಳು ಕೆದಕಿದರೆ ಅವುಗಳ ಕಾಲು ಹೊಟ್ಟೆಗಳ ಮೂಲಕ, ಅವು ಊರಿಂದೂರಿಗೆ ನಡೆಯಬೇಕು.

ಬಂದ ಕಾಲವೂ ಲೆಕ್ಕಕ್ಕೆ ಬರುತ್ತದೆ. ಬಿದ್ದ ಎಲೆಯಲ್ಲಿ ಮೊದಲು ಮನೆಮಾಡಿದ ಶಿಲೀಂಧ್ರ ಎಷ್ಟೋ ವೇಳೆ ತನಗಿಂತ ಬಲಶಾಲಿಯನ್ನೂ ಒಳಗೆ ಬಿಡುವುದಿಲ್ಲ. ಕೆಲವಂತೂ ಎಲೆ ಮರದ ಮೇಲೆ ಹಸಿರಾಗಿರುವಾಗಲೇ ಅದರೊಳಗೆ ಸದ್ದಿಲ್ಲದೆ ವಾಸವಾಗಿದ್ದು, ಎಲೆ ಉದುರಿದ ಕ್ಷಣದಲ್ಲಿ ಕೆಲಸ ಆರಂಭಿಸುತ್ತವೆ. ಭದ್ರಾ ಜಲಾಶಯದ ಬಳಿಯ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ಸಂಶೋಧಕರು ಮಲೆನಾಡಿನ ಔಷಧಿ ಸಸ್ಯಗಳ ಎಲೆಯೊಳಗೆ ಹೀಗೆ ವಾಸಿಸುವ ಹಲವು ಶಿಲೀಂಧ್ರಗಳನ್ನು ಪತ್ತೆಮಾಡಿದ್ದಾರೆ.

ಈ ಒಕ್ಕಲನ್ನು ಎಬ್ಬಿಸುವ, ನೆಲೆಗೊಳಿಸುವ ಕೈಗಳಲ್ಲಿ ಮನುಷ್ಯನ ಕೈ ಇಂದು ಎಲ್ಲಕ್ಕಿಂತ ಚುರುಕಾದುದು. ಮಲೆನಾಡಿನ ರೈತ ಕಾಡಿನ ಸೊಪ್ಪು ತರಗೆಲೆಗಳನ್ನು ಹೊತ್ತು ತಂದು ಅಡಕೆ ತೋಟಕ್ಕೆ ಹಾಸುವಾಗ, ತನಗೆ ತಿಳಿಯದೆಯೇ ಕಾಡಿನ ಶಿಲೀಂಧ್ರಗಳನ್ನೂ ತರುತ್ತಾನೆ. ಬಯಲುಸೀಮೆಯ ರೈತ ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹರಡುವುದೂ ಅಂತಹುದೇ ಒಂದು ಸಾಗಣೆ. ಇವು ಹಿತವಾದ ಪದ್ಧತಿಗಳು. ಆದರೆ ಒಂದೇ ಬೆಳೆಯನ್ನು ಒತ್ತಾಗಿ ಬೆಳೆದ ಕಡೆ ಆ ಬೆಳೆಯ ರೋಗಾಣುಗಳಿಗೂ ಹಬ್ಬ. ಬಯಲಿನ ಅಡಕೆ ತೆಂಗುಗಳಲ್ಲಿ ಕಾಣುವ ಅಣಬೆ ರೋಗ ಇದಕ್ಕೆ ಸಾಕ್ಷಿ. ಸತ್ತ ಮರದ ಬುಡವನ್ನು ಕಿತ್ತು ತೆಗೆಯದೆ ಬಿಟ್ಟರೆ ಅದು ಬೇರಿನಿಂದ ಬೇರಿಗೆ ಹಬ್ಬಿ ಸಾಲನ್ನೇ ನುಂಗುತ್ತದೆ. ಮರದ ಬುಡದಲ್ಲಿ ಕಂದುಬಣ್ಣದ ಹೊಳಪಿನ ಅಣಬೆ ಕಾಣಿಸಿಕೊಳ್ಳುವ ವೇಳೆಗೆ ಆ ಮರ ಉಳಿಯುವ ಕಾಲ ಮೀರಿರುತ್ತದೆ. ಇದಕ್ಕೆ ಎದುರಾಗಿ ಟ್ರೈಕೊಡರ್ಮ ಎಂಬ, ಶಿಲೀಂಧ್ರಗಳನ್ನೇ ಬೇಟೆಯಾಡುವ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿಯೋ ಬೇವಿನ ಹಿಂಡಿಯಲ್ಲಿಯೋ ಬೆರೆಸಿ ಹಾಕುವುದುಂಟು. ಗೊಬ್ಬರವಿಲ್ಲದೆ ಒಣಮಣ್ಣಿಗೆ ಎರಚಿದರೆ ಅದು ನೆಲೆಯೂರುವುದು ಕಷ್ಟ. ಒಕ್ಕಲಿಗೆ ಬೀಜವೊಂದಿದ್ದರೆ ಸಾಲದು, ಮನೆಯೂ ಬೇಕು.

ಮಳೆ ಹೆಚ್ಚಿನ ಭಾಗದ ಅಡಕೆಗೆ ಕೊಳೆರೋಗದ ಕಾಟ. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡದ ಲೆಸ್ಲಿ ಕೋಲ್ಮನ್ ಈ ರೋಗದ ಜೀವನಕ್ರಮವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಅವರು ಶಿಲೀಂಧ್ರವೆಂದು ವರ್ಣಿಸಿದ ಆ ಜೀವಿಯನ್ನು ಇಂದಿನ ವರ್ಗೀಕರಣ ನಿಜವಾದ ಶಿಲೀಂಧ್ರಗಳಿಂದ ಹೊರಗಿಟ್ಟು ಕಂದುಪಾಚಿಗಳ ದೂರದ ಬಂಧುವೆಂದು ಹೇಳುತ್ತದೆ. ಅದರಿಂದ ಕೋಲ್ಮನ್ನರ ಕೆಲಸದ ಬೆಲೆ ಕುಗ್ಗಲಿಲ್ಲ. ಅಸಂಖ್ಯ ತೋಟಗಳು ಆ ದ್ರಾವಣದಿಂದ ಉಳಿದವು. ಆದರೆ ಮೈಲುತುತ್ತದ ತಾಮ್ರ ಕರಗಿಹೋಗುವ ವಸ್ತುವಲ್ಲ. ವರ್ಷ ವರ್ಷ ಗೊನೆಯಿಂದ ತೊಟ್ಟಿಕ್ಕಿದ ತಾಮ್ರ ಬುಡದ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ತಾಳಬಲ್ಲ ಶಿಲೀಂಧ್ರಗಳು ಉಳಿಯುತ್ತವೆ, ತಾಳಲಾರದವು ಹಿಂದೆಗೆಯುತ್ತವೆ.

ಇದೆಲ್ಲದರ ಪರೀಕ್ಷೆ ನಡೆಯಬೇಕಾದ ನೆಲ ಭದ್ರಾ ಅಭಯಾರಣ್ಯದಲ್ಲಿಯೇ ಇದೆ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಅರಣ್ಯದ ಒಳಗೆ ಹಳ್ಳಿಗಳಿದ್ದವು. 2002ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಕಾಡಿನಿಂದ ಹೊರಬಂದವು. ಅವುಗಳಲ್ಲಿ ಅನೇಕರಿಗೆ ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ ಮನೆ, ಹೊಲಗಳನ್ನು ಕೊಡಲಾಯಿತು. ಹಳೆಯ ಊರು, ದೇವರು, ಗದ್ದೆಗಳನ್ನು ಬಿಟ್ಟು ಬರುವುದು ಆ ಕುಟುಂಬಗಳಿಗೆ ಸುಲಭವಾದ ಮಾತಾಗಿರಲಿಲ್ಲ. ಅವರು ಬಿಟ್ಟ ಗದ್ದೆಗಳಲ್ಲಿ ಹುಲ್ಲು ಬೆಳೆದು ಕಾಟಿ ಜಿಂಕೆಗಳು ಮೇಯತೊಡಗಿದವು. ತಲೆಮಾರುಗಳ ಕಾಲ ನೀರು ನಿಲ್ಲಿಸಿ ಭತ್ತ ಬೆಳೆದ ಮಣ್ಣು ಕಾಡಿನ ಮಣ್ಣಲ್ಲ. ಮತ್ತಿ ಹೊನ್ನೆಗಳ ಬೀಜ ಅಲ್ಲಿಗೆ ಹಾರಿ ಬಂದು ಬೀಳಬಹುದು. ಅವುಗಳ ಬೇರಿನ ಜೊತೆಗಾರರು ಕಾಡಿನ ಅಂಚಿನಿಂದ ಅಂಗುಲ ಅಂಗುಲವಾಗಿ ಬರಬೇಕು. ಹಾಲೆಂಡಿನಲ್ಲಿ ಬೇಸಾಯ ಬಿಟ್ಟ ಹೊಲಗಳ ಮೇಲೆ, ಒಂದು ಕಡೆ ಕುರುಚಲು ಕಾಡಿನ ಮಣ್ಣನ್ನೂ ಇನ್ನೊಂದು ಕಡೆ ಹುಲ್ಲುಗಾವಲಿನ ಮಣ್ಣನ್ನೂ ತೆಳುವಾಗಿ ಹರಡಿ ನೋಡಿದರು. ಆರು ವರ್ಷಗಳ ಬಳಿಕ ಮಣ್ಣು ಎಲ್ಲಿಂದ ಬಂದಿತ್ತೋ ಅಲ್ಲಿನ ಸಸ್ಯಗಳ ಕಡೆಗೇ ಆಯಾ ಹೊಲ ವಾಲಿತ್ತು. 2016ರಲ್ಲಿ ಈ ಪ್ರಯೋಗದ ಫಲ ಪ್ರಕಟವಾಯಿತು. ಹಾಗೆಂದು ಕಾಡಿನ ಮಣ್ಣನ್ನು ಲಾರಿಗಳಲ್ಲಿ ಹೊತ್ತು ತರುವುದು ವಿವೇಕವಲ್ಲ. ಒಂದು ಕಡೆಯ ಒಕ್ಕಲನ್ನು ಎಬ್ಬಿಸಿ ಇನ್ನೊಂದು ಕಡೆ ಕೂರಿಸಿದಂತಾಗುತ್ತದೆ. ಉಳಿದಿರುವ ಶೋಲಾ ತುಂಡುಗಳನ್ನೂ ದೇವರಕಾಡುಗಳನ್ನೂ ಮಣ್ಣುಸಹಿತ ಕಾಪಾಡುವುದೇ ಅಗ್ಗದ ಮಾರ್ಗ. ಸಸಿ ನೆಡುವ ಉತ್ಸವಗಳಲ್ಲಿ ಗುಂಡಿಗಳ ಲೆಕ್ಕ ಸಿಗುತ್ತದೆ, ಗುಂಡಿಯೊಳಗಿನ ಮಣ್ಣಿನಲ್ಲಿ ಏನಿದೆ ಎಂಬ ಲೆಕ್ಕ ಸಿಗುವುದು ಅಪರೂಪ.

ಮಣ್ಣಿನೊಳಗಿನ ಈ ವ್ಯತ್ಯಾಸವನ್ನು ಕಾಣಲು ಡಿ.ಎನ್.ಎ. ಓದುವ ಯಂತ್ರವೇ ಬೇಕೆಂದಿಲ್ಲ. ಸೊಳ್ಳೆಪರದೆಯ ನೈಲಾನ್ ಬಟ್ಟೆಯಿಂದ ಅಂಗೈಯಗಲದ ಚೀಲಗಳನ್ನು ಹೊಲಿದು, ಒಂದೊಂದರಲ್ಲಿಯೂ ಒಂದೇ ತೂಕದ ಒಣ ಮಾವಿನೆಲೆಗಳನ್ನು ತುಂಬಿ, ಬೆಟ್ಟದ ಕೆಳಗಿನ ಕಾಫಿ ತೋಟದ ಮರಗಳ ನೆರಳಿನಲ್ಲಿ ಒಂದನ್ನೂ, ತರೀಕೆರೆಯ ಅಡಕೆ ತೋಟದಲ್ಲಿ ಒಂದನ್ನೂ, ಕಡೂರಿನ ರಾಗಿ ಹೊಲದ ಬದುವಿನಲ್ಲಿ ಒಂದನ್ನೂ ಬೆರಳುದ್ದದ ಆಳದಲ್ಲಿ ಹೂಳಬಹುದು. ಇದನ್ನು ಮುಂಗಾರಿನ ಆರಂಭದಲ್ಲಿ ಮಾಡುವುದು ಲೇಸು. ಮೂರು ತಿಂಗಳ ನಂತರ ಅಗೆದು, ಮಣ್ಣು ಕೊಡವಿ, ಒಣಗಿಸಿ ತೂಗಿದರೆ ಪ್ರತಿಯೊಂದು ನೆಲ ಎಷ್ಟು ಉಂಡಿದೆ ಎಂಬುದು ತಿಳಿಯುತ್ತದೆ. ನೆರಳಿನ ಚೀಲದಲ್ಲಿ ಎಲೆಗಳು ಮೆತ್ತಗಾಗಿ, ಬಿಳಿಯ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡಿರಬಹುದು. ಕಡೂರಿನ ಚೀಲದಲ್ಲಿ ಎಲೆ ಗರಿಗರಿಯಾಗಿ ಹಾಗೆಯೇ ಉಳಿದಿರಬಹುದು. ಇಲ್ಲವೆ ಚೀಲವನ್ನೇ ಕೊರೆದು, ಎಲೆಯಿದ್ದ ಜಾಗದಲ್ಲಿ ಗೆದ್ದಲು ಒದ್ದೆಮಣ್ಣಿನ ಕೊಳವೆಗಳನ್ನು ಕಟ್ಟಿಟ್ಟು ಹೋಗಿರಬಹುದು.